ಪಟ್ಟ ಬಂದಿದ್ದು ತಾಯಿಯಿಂದ, ಅಕ್ಕಿ ಬಂದಿದ್ದು ರೈತನಿಂದ: ಇಮ್ಮಡಿ ಭೈರರಸನ ಕಾರ್ಕಳ

ಉಡುಪಿ, ಮಣಿಪಾಲದಿಂದ ಭಾನುವಾರ ಬೈಕ್ ಹತ್ತಿ ಕಾರ್ಕಳಕ್ಕೆ ಹೋಗುವವರೆಲ್ಲ ಗೊಮ್ಮಟನ ಬೆಟ್ಟ ಹತ್ತುತ್ತಾರೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿ ಎತ್ತರದ ಬಾಹುಬಲಿಯ ಜೊತೆ ಒಂದು ಸೆಲ್ಫಿ, ಅಲ್ಲಿಗೆ ಪ್ರವಾಸ ಮುಗೀತು. ಎದುರಿನ ಸಣ್ಣ ದಿಬ್ಬದ ಮೇಲಿರುವ ಚತುರ್ಮುಖ ಬಸದಿಗೆ ಹೋಗುವವರು ಕಡಿಮೆ. ಅದನ್ನು ಕಟ್ಟಿಸಿದವನು ಅದೇ ಮನೆತನದ ಇಮ್ಮಡಿ ಭೈರರಸ ಒಡೆಯ.

ಈ ಮನೆತನ ತನ್ನ ಮೂಲವನ್ನು ಹೊಂಬುಜದ ಜಿನದತ್ತರಾಯನಿಗೆ ಜೋಡಿಸಿಕೊಳ್ಳುತ್ತದೆ. ಘಟ್ಟದ ಮೇಲಿನ ಹೊಂಬುಜದಲ್ಲಿದ್ದ ಸಾಂತರರು ಕಳಸಕ್ಕೆ ಬಂದರು, ಆಮೇಲೆ ಘಟ್ಟ ಇಳಿದು ಕಾರ್ಕಳದಲ್ಲಿ ನೆಲೆಯಾದರು. ಘಟ್ಟದ ಮೇಲೂ ಕೆಳಗೂ ಭೂಮಿ ಇದ್ದದ್ದೇ ಅವರ ಬಲ. ವಿಜಯನಗರ ಗಟ್ಟಿಯಾಗಿದ್ದಾಗ ಅದರ ಅಧೀನದಲ್ಲಿದ್ದರು; 1565ರ ಯುದ್ಧದ ನಂತರ ಆ ಹಿಡಿತ ಸಡಿಲವಾಯ್ತು. ಇಮ್ಮಡಿ ಭೈರರಸ ಆಳಿದ್ದು ಆ ಬಿಡುವಿನ ಕಾಲದಲ್ಲಿ.

ಅವನಿಗೆ ಪಟ್ಟ ಸಿಕ್ಕಿದ್ದು ತಂದೆಯಿಂದಲ್ಲ. ಹಿಂದಿನ ಅರಸ ಭೈರವನ ತಂಗಿ ಗುಮ್ಮಟಾಂಬೆಯ ಮಗ ಅವನು. ಮಾವನಿಂದ ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ ಹಕ್ಕು ಹೋಗುವ ಅಳಿಯಸಂತಾನ ಕಟ್ಟು ಅದು. ತುಳುನಾಡಿನಲ್ಲಿ ಅರಮನೆಗೂ ಗುತ್ತಿನ ಮನೆಗೂ ಇದೇ ಲೆಕ್ಕ. ಹಾಗಂತ ಇದನ್ನು ಹೆಣ್ಣಾಳಿಕೆ ಅನ್ನಬೇಡಿ. ಉಳ್ಳಾಲದ ಅಬ್ಬಕ್ಕನಂಥ ರಾಣಿಯರು ಆಳಿದ್ದುಂಟು, ನಿಜ. ಆದರೆ ಕಾರ್ಕಳದಲ್ಲಿ ವಂಶ ಹರಿದದ್ದು ಗುಮ್ಮಟಾಂಬೆಯ ಮೂಲಕ. ಸಿಂಹಾಸನದ ಮೇಲೆ ಕೂತವರು ಅವಳ ಅಣ್ಣ, ಆಮೇಲೆ ಅವಳ ಮಗ.

1586ರಲ್ಲಿ ಗುರು ಲಲಿತಕೀರ್ತಿಯ ಮಾತಿನಂತೆ ಇಮ್ಮಡಿ ಭೈರರಸ ಬಸದಿ ಕಟ್ಟಿಸಿದ. ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು. ಯಾವ ಕಡೆಯಿಂದ ಹೋದರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರೇ ಎದುರಾಗುತ್ತಾರೆ. ಊರಲ್ಲಿ ಒಂದು ಕಥೆ ಇದೆ: ಶೃಂಗೇರಿಯ ಗುರುಗಳು ಬಂದಾಗ ಅರಸ ಆಗಷ್ಟೇ ಕಟ್ಟಿಸಿದ್ದ ಬಸದಿಯಲ್ಲಿ ಇಳಿಸಿದನಂತೆ, ಗುರುಗಳು ಬೇಸರಪಟ್ಟಾಗ ಅಲ್ಲಿ ಅನಂತಶಯನನನ್ನು ಪ್ರತಿಷ್ಠೆ ಮಾಡಿಸಿ, ಜೈನರಿಗೆ ಈ ಚತುರ್ಮುಖ ಬಸದಿ ಕಟ್ಟಿಸಿದನಂತೆ. ಕಥೆ ನಿಜವೋ ಸುಳ್ಳೋ, ಜೈನ ಅರಸನೊಬ್ಬನನ್ನು ಊರು ಹೀಗೆ ನೆನಪಿಟ್ಟುಕೊಂಡಿದೆ ಅನ್ನುವುದು ಇವತ್ತಿನ ಕರಾವಳಿಯಲ್ಲಿ ಸಣ್ಣ ಸಂಗತಿಯಲ್ಲ.

ಬಸದಿಯ ಶಾಸನದಲ್ಲಿ ಬಿರುದುಗಳ ಸಾಲೇ ಇದೆ. ಭಾಷಣಕ್ಕೆ ಬೇಕಾದವರು ಅಷ್ಟನ್ನೇ ಓದುತ್ತಾರೆ. ಸ್ವಲ್ಪ ಕೆಳಗೆ ಬನ್ನಿ. ನಿತ್ಯಪೂಜೆ ನಡೆಯಲಿ ಅಂತ ತೆಳ್ಳಾರು ಗ್ರಾಮವನ್ನು ಬಿಟ್ಟುಕೊಟ್ಟ ವಿವರ ಅಲ್ಲಿದೆ. ದೇವರಿಗೆ ಊರು ಕೊಡುವುದು ಅಂದ್ರೆ ಆ ಊರಿನ ಗದ್ದೆಯಿಂದ ಬರುವ ಅಕ್ಕಿ ಕೊಡುವುದು. ಕೊಟ್ಟವನ ಹೆಸರು ಕಲ್ಲಲ್ಲಿ ಉಳೀತು. ಕೆಸರಲ್ಲಿ ನಿಂತು ನೇಜಿ ನೆಟ್ಟವರ ಹೆಸರು ಉಳೀಲಿಲ್ಲ.

ಆ ಬಿಡುವು ಬಹಳ ಕಾಲ ಉಳಿಯಲಿಲ್ಲ. ಕೆಳದಿಯ ನಾಯಕರು ಬಲಿತರು, ಭೈರರಸರು ಕಪ್ಪ ಕೊಡುವವರಾದರು. 1763ರಲ್ಲಿ ಹೈದರಾಲಿ ಬಿದನೂರು ಗೆದ್ದ, 1799ರ ನಂತರ ಬ್ರಿಟಿಷರು ಬಂದರು. ಅರಸರು ಬದಲಾದರು, ಅಕ್ಕಿ ಮುಡಿ ಹೊರುವವರು ಬದಲಾಗಲಿಲ್ಲ. ಉಳುವವನ ಹೆಸರು ಭೂದಾಖಲೆಗೆ ಬರೋಕೆ 1974ರ ಭೂಸುಧಾರಣೆಯೇ ಬೇಕಾಯ್ತು. ಅಳಿಯಸಂತಾನ ಕುಟುಂಬದ ಆಸ್ತಿ ಪಾಲಾಗೋಕೆ 1949ರ ಕಾಯ್ದೆ ಬೇಕಾಯ್ತು.

ಇಮ್ಮಡಿ ಭೈರರಸನನ್ನು ಕೆಳಗಿಳಿಸೋಕೆ ಇದನ್ನೆಲ್ಲ ಹೇಳ್ತಿಲ್ಲ. ಅವನ ಬಸದಿ ನಿಜಕ್ಕೂ ದೊಡ್ಡ ಕೆಲಸ. ಆದರೆ ಮುಂದಿನ ಸಲ ಯಾರಾದರೂ ನಮ್ಮ ಅರಸರು ಅಂತ ಎದೆ ತಟ್ಟಿಕೊಂಡರೆ ಎರಡು ಹೆಸರು ಕೇಳಿ: ಗುಮ್ಮಟಾಂಬೆ ಮತ್ತು ತೆಳ್ಳಾರು. ಪಟ್ಟ ಬಂದದ್ದು ಒಬ್ಬಳ ಹೊಟ್ಟೆಯಿಂದ, ಬಸದಿಯ ದೀಪ ಉರಿದದ್ದು ಇನ್ನೊಂದರ ಗದ್ದೆಯಿಂದ.