ಹೊಂಡ, ಬಾವಿ, ಗುಂಡುಗಳ ಲೆಕ್ಕ ಬರೆದ ಮಹಾವೀರಾಚಾರ್ಯ



ನಮ್ಮ ಬೈಕಂಪಾಡಿಯ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಒಂದು ಬೆಳಿಗ್ಗೆ ನಡೆದು ನೋಡಿ. ಪಣಂಬೂರು ಬಂದರಿನ ಕಡೆಯಿಂದ ಬರುವ ಕಂಟೇನರ್ ಲಾರಿಗಳು, ಎಣ್ಣೆಯ ಟ್ಯಾಂಕರುಗಳು, ಕಾರ್ಖಾನೆಗಳ ದುಂಡು ತೊಟ್ಟಿಗಳು, ಕೆಂಪುಕಲ್ಲು ಹೇರಿದ ಟೆಂಪೊ, ಹೊಯಿಗೆಯ ರಾಶಿ. ಇವುಗಳಲ್ಲಿ ಯಾವುದಕ್ಕೆ ಬಾಡಿಗೆ ಅಥವಾ ಬೆಲೆ ಕಟ್ಟಬೇಕಾದರೂ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಇದರೊಳಗೆ ಎಷ್ಟು ಹಿಡಿಯುತ್ತದೆ? ಕನ್ನಡ ಪಠ್ಯಪುಸ್ತಕದಲ್ಲಿ ಇದಕ್ಕೆ ಘನಫಲ ಎನ್ನುತ್ತೇವೆ. ಉರ್ದು ಪುಸ್ತಕದಲ್ಲಿ ಹಜ್ಮ್. ಶಾಲೆಯಲ್ಲಿ ಮಕ್ಕಳು ಅತ್ಯಂತ ಬೇಗ ಬಾಯಿಪಾಠ ಮಾಡುವ ಮತ್ತು ಅಷ್ಟೇ ಬೇಗ ಮರೆಯುವ ಪಾಠವೂ ಇದೇ.

ಈ ಲೆಕ್ಕವನ್ನು ಸುಮಾರು ಸಾವಿರದ ನೂರ ಎಪ್ಪತ್ತು ವರ್ಷಗಳ ಹಿಂದೆ ಕರ್ನಾಟಕದ ನೆಲದಲ್ಲಿ ಕುಳಿತು ಕ್ರಮವಾಗಿ ಬರೆದಿಟ್ಟ ಒಬ್ಬರ ಪರಿಚಯವನ್ನು ನಿಮಗೆ ಮಾಡಿಕೊಡಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ. ಅವರ ಹೆಸರು ಮಹಾವೀರಾಚಾರ್ಯ. ವಿದ್ಯಾರ್ಥಿಗಳು ಈ ಹೆಸರು ಕೇಳಿದೊಡನೆ ಇಪ್ಪತ್ತನಾಲ್ಕನೆಯ ತೀರ್ಥಂಕರ ವರ್ಧಮಾನ ಮಹಾವೀರರನ್ನು ನೆನೆಯುತ್ತಾರೆ. ಅವರು ಕ್ರಿಸ್ತಪೂರ್ವದವರು. ಇವರು ಕ್ರಿ.ಶ. ಒಂಬತ್ತನೆಯ ಶತಮಾನದ ಗಣಿತಜ್ಞರು, ಅದೇ ಧರ್ಮದ ಅನುಯಾಯಿ.

ಹುಟ್ಟಿದ ಊರು, ತಂದೆ ತಾಯಿ, ಗುರುಪರಂಪರೆ, ಇವು ಯಾವುದನ್ನೂ ಮಹಾವೀರಾಚಾರ್ಯರು ಬರೆದಿಡಲಿಲ್ಲ. ತಮ್ಮ ಬಗ್ಗೆ ಒಂದು ಸಾಲು ಬರೆಯಲು ಸಂಕೋಚಪಟ್ಟ ಅವರು ತಮ್ಮ ಕಾಲದ ರಾಜನನ್ನು ಮಾತ್ರ ಗ್ರಂಥದ ಆರಂಭದಲ್ಲಿ ನೆನೆದಿದ್ದಾರೆ. ಆ ರಾಜ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. 814ರಲ್ಲಿ ಚಿಕ್ಕ ಹುಡುಗನಾಗಿ ಪಟ್ಟಕ್ಕೆ ಬಂದು ಅರವತ್ತಕ್ಕೂ ಹೆಚ್ಚು ವರ್ಷ ಆಳಿದವನು. ಕನ್ನಡದ ಲಭ್ಯ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ ಕವಿರಾಜಮಾರ್ಗ ಹುಟ್ಟಿದ್ದು ಇವನ ಆಸ್ಥಾನದಲ್ಲಿಯೇ. ಆ ಒಂದು ಸ್ಮರಣೆಯಿಂದಲೇ ವಿದ್ವಾಂಸರು ಗಣಿತಸಾರಸಂಗ್ರಹವನ್ನು ಕ್ರಿ.ಶ. 850ರ ಆಸುಪಾಸಿನದೆಂದು ನಿರ್ಧರಿಸಿದ್ದಾರೆ. ರಾಜಧಾನಿ ಮಾನ್ಯಖೇಟ ಈಗಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ. ಕಾಗಿಣಾ ನದಿಯ ದಂಡೆಯಲ್ಲಿ ಹಳೆಯ ಕೋಟೆ ನಿಂತಿದೆ, ಸುತ್ತಮುತ್ತ ಸಿಮೆಂಟ್ ಕಾರ್ಖಾನೆಗಳಿವೆ.

ಆ ಕಾಲದ ಅರಬ್ ವ್ಯಾಪಾರಿಗಳಿಗೆ ಈ ಊರು ಮಾನ್‌ಕೀರ್, ಇಲ್ಲಿನ ರಾಜ ಬಲ್ಹರಾ. ವಲ್ಲಭರಾಜ ಎಂಬ ಬಿರುದು ಅವರ ನಾಲಿಗೆಯಲ್ಲಿ ಹೀಗಾಯಿತು. 851ರಲ್ಲಿ ಬರೆಯಲ್ಪಟ್ಟ, ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾದ ವೃತ್ತಾಂತವು ಜಗತ್ತಿನ ನಾಲ್ಕು ದೊಡ್ಡ ಅರಸರನ್ನು ಎಣಿಸುವಾಗ ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೋಮನರ ದೊರೆ ಇವರೊಂದಿಗೆ ಬಲ್ಹರಾನನ್ನೂ ಸೇರಿಸುತ್ತದೆ. ಅರಬರನ್ನು ಆದರದಿಂದ ಕಾಣುವವನೆಂದೂ ಹೇಳುತ್ತದೆ. ಅಂದರೆ ಮಹಾವೀರಾಚಾರ್ಯರು ಬರೆಯುತ್ತಿದ್ದ ಹೊತ್ತಿಗೆ ಪಶ್ಚಿಮ ಕರಾವಳಿಯ ರೇವುಗಳಿಗೂ ಪರ್ಶಿಯನ್ ಕೊಲ್ಲಿಗೂ ಹಡಗುಗಳು ಓಡಾಡುತ್ತಿದ್ದವು. ಬಾಗ್ದಾದಿನಲ್ಲಿ ಅಲ್ ಖ್ವಾರಿಝ್ಮಿಯವರು ಬೀಜಗಣಿತದ ಗ್ರಂಥ ಬರೆದು ಮೂರು ದಶಕಗಳಾಗಿತ್ತು. ಭಾರತದ ಅಂಕಿಗಳನ್ನು ಅರಬರಲ್ಲಿ ಬಳಕೆಗೆ ತಂದವರಲ್ಲಿ ಅವರೂ ಒಬ್ಬರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಹಾವೀರಾಚಾರ್ಯರಿಗಿಂತ ಮೊದಲು ಆರ್ಯಭಟ, ಬ್ರಹ್ಮಗುಪ್ತರಂಥ ಮಹನೀಯರು ಗಣಿತ ಬರೆದರು ನಿಜ. ಆದರೆ ಅವರ ಗಣಿತ ಖಗೋಳ ಗ್ರಂಥದ ಒಂದೆರಡು ಅಧ್ಯಾಯವಾಗಿತ್ತು. ಮಹಾವೀರಾಚಾರ್ಯರು ಗ್ರಹ ನಕ್ಷತ್ರಗಳನ್ನು ಪಕ್ಕಕ್ಕಿಟ್ಟು ಗಣಿತಕ್ಕೆಂದೇ ಒಂದು ಪೂರ್ಣ ಪುಸ್ತಕ ಬರೆದರು. ಸಂಸ್ಕೃತದಲ್ಲಿ, ಸಾವಿರಕ್ಕೂ ಹೆಚ್ಚು ಪದ್ಯಗಳಲ್ಲಿ, ಒಂಬತ್ತು ಅಧ್ಯಾಯಗಳಲ್ಲಿ. ಮೊದಲು ಅಳತೆಯ ಪದಗಳ ಪರಿಚಯ, ಆಮೇಲೆ ಮೂಲಕ್ರಿಯೆಗಳು, ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಕ್ಷೇತ್ರಗಣಿತ, ಹೀಗೆ ಸಾಗುತ್ತದೆ. ನಿಯಮ ಹೇಳಿ ಕೂಡಲೇ ಉದಾಹರಣೆ ಕೊಡುತ್ತಾರೆ. ಬಿ.ಎಡ್. ಮಾಡಿದ ನಮಗೆ ಪಾಠಯೋಜನೆಯಲ್ಲಿ ಹೇಳಿಕೊಟ್ಟ ಕ್ರಮವೂ ಇದೇ ಅಲ್ಲವೇ! ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಬರೆದರು. ಇಂತಿಷ್ಟು ವಸ್ತುಗಳಿಂದ ಇಂತಿಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದೂ ಬರೆದರು. ಅದು ತಪ್ಪು. ಎಂಟನೇ ತರಗತಿಯ ಮಕ್ಕಳಿಗೆ ಈ ತಪ್ಪನ್ನು ತೋರಿಸಿದಾಗ ಅವರ ಮುಖದಲ್ಲಿ ಕಾಣುವ ಸಂತೋಷ ಬೇರೆ ಯಾವ ಪಾಠದಲ್ಲೂ ಕಾಣದು.

ನಮಗೆ ಇಂದು ಬೇಕಾದದ್ದು ಎಂಟನೆಯ ಅಧ್ಯಾಯ, ಖಾತವ್ಯವಹಾರ. ಖಾತ ಎಂದರೆ ಅಗೆದದ್ದು: ಹೊಂಡ, ಕೆರೆ, ಬಾವಿ, ಕಂದಕ. ಇಟ್ಟಿಗೆಯ ಒಟ್ಟಿಲು, ಮರ ಕೊಯ್ಯುವ ಕೆಲಸದ ಲೆಕ್ಕವೂ ಇದರಲ್ಲೇ ಸೇರಿದೆ. ಘನಾಕೃತಿಗಳನ್ನು ಕಪ್ಪುಹಲಗೆಯ ಚಿತ್ರದಿಂದ ಆರಂಭಿಸದೆ ಕೂಲಿಯಾಳು ಅಗೆಯುವ ಗುಂಡಿಯಿಂದ ಆರಂಭಿಸಿದ್ದು ನನಗೆ ಬಹಳ ಹಿಡಿಸಿತು. ನೆಟ್ಟಗಿನ ಗೋಡೆಯ ಹೊಂಡವಾದರೆ ಕೆಲಸ ಸುಲಭ. ತಳದ ಕ್ಷೇತ್ರಫಲವನ್ನು ಆಳದಿಂದ ಗುಣಿಸಿದರೆ ಮುಗಿಯಿತು. ಇಟ್ಟಿಗೆಯ ಗೋಡೆಯಾದರೆ ಒಟ್ಟು ಘನಫಲವನ್ನು ಒಂದು ಇಟ್ಟಿಗೆಯ ಘನಫಲದಿಂದ ಭಾಗಿಸಬೇಕು. ನಮ್ಮ ಮೇಸ್ತ್ರಿಗಳು ಕೆಂಪುಕಲ್ಲಿನ ಲೆಕ್ಕ ಹಾಕುವುದೂ ಹೀಗೆಯೇ.

ಆದರೆ ಮಣ್ಣಿನ ಹೊಂಡದ ಗೋಡೆ ನೆಟ್ಟಗೆ ನಿಲ್ಲುವುದಿಲ್ಲ, ಕುಸಿಯುತ್ತದೆ. ಆದ್ದರಿಂದ ಮೇಲೆ ಅಗಲ, ಕೆಳಗೆ ಕಿರಿದು ಮಾಡಿ ಅಗೆಯುತ್ತಾರೆ. ಇಲ್ಲಿ ಕೂಲಿ ಎಷ್ಟು ಕೊಡಬೇಕು? ಮಹಾವೀರಾಚಾರ್ಯರು ಎರಡು ಒರಟು ಲೆಕ್ಕ ಹೇಳುತ್ತಾರೆ. ಮೇಲಿನ ಮತ್ತು ಕೆಳಗಿನ ಬದಿಗಳ ಸರಾಸರಿ ತೆಗೆದು ಆ ಸರಾಸರಿಯ ಮೇಲೆ ಘನಫಲ ಕಂಡರೆ ಅದು ಕರ್ಮಾಂತಿಕ ಫಲ. ಮೇಲಿನ ಮತ್ತು ಕೆಳಗಿನ ಕ್ಷೇತ್ರಫಲಗಳ ಸರಾಸರಿ ತೆಗೆದು ಆಳದಿಂದ ಗುಣಿಸಿದರೆ ಔಂಡ್ರ ಫಲ. ಮೊದಲನೆಯದರಿಂದ ಅಗೆದವನಿಗೆ ನಷ್ಟ, ಎರಡನೆಯದರಿಂದ ಅಗೆಸಿದವನಿಗೆ ನಷ್ಟ. ಹಾಗಾದರೆ ನ್ಯಾಯವಾದ ಲೆಕ್ಕ ಯಾವುದು? ಎರಡರ ವ್ಯತ್ಯಾಸದ ಮೂರನೆಯ ಒಂದು ಪಾಲನ್ನು ಕರ್ಮಾಂತಿಕಕ್ಕೆ ಕೂಡಿಸಿ ಎನ್ನುತ್ತಾರೆ. ಅದು ಸೂಕ್ಷ್ಮ ಫಲ. ಬ್ರಹ್ಮಗುಪ್ತರಲ್ಲೂ ಈ ಮಾರ್ಗವಿದೆ. ಇದು ಅಂದಾಜಲ್ಲ, ಈಗಿನ ಸೂತ್ರಕ್ಕೆ ಸರಿಯಾಗಿ ಹೊಂದುತ್ತದೆ.

ಈಗ ಬಾಗ್ದಾದಿಗೆ ಹೋಗೋಣ. ಅಲ್ ಖ್ವಾರಿಝ್ಮಿಯವರ ಬೀಜಗಣಿತ ಗ್ರಂಥದಲ್ಲಿ ಅಳತೆಯ ಅಧ್ಯಾಯವೊಂದಿದೆ. ಅದರಲ್ಲಿ ಒಂದು ಲೆಕ್ಕ: ತುದಿ ಕತ್ತರಿಸಿದ ಚೌಕ ಪಿರಮಿಡ್, ತಳದ ಬದಿ 4 ಮೊಳ, ಮೇಲಿನ ಬದಿ 2 ಮೊಳ, ಎತ್ತರ 10 ಮೊಳ. ಅವರು ಕತ್ತರಿಸಿದ ತುದಿಯನ್ನು ಮನಸ್ಸಿನಲ್ಲಿ ಮತ್ತೆ ಕೂಡಿಸಿ 20 ಮೊಳ ಎತ್ತರದ ಪೂರ್ಣ ಪಿರಮಿಡ್ಡಿನ ಘನಫಲ ಕಂಡುಹಿಡಿದು, ಚಿಕ್ಕ ಪಿರಮಿಡ್ಡಿನದನ್ನು ಕಳೆಯುತ್ತಾರೆ. ಉತ್ತರ ತೊಂಬತ್ತಮೂರು ಮತ್ತು ಮೂರನೆಯ ಒಂದು. ಇದನ್ನೇ ತಲೆಕೆಳಗು ಮಾಡಿದರೆ ಒಂದು ಹೊಂಡ. ಮಾನ್ಯಖೇಟದ ನಿಯಮ ಹಚ್ಚಿ ನೋಡಿ. ಬದಿಗಳ ಸರಾಸರಿ 3, ಅದರ ವರ್ಗ 9, ಹತ್ತರಿಂದ ಗುಣಿಸಿದರೆ ಕರ್ಮಾಂತಿಕ 90. ಕ್ಷೇತ್ರಫಲಗಳು 16 ಮತ್ತು 4, ಸರಾಸರಿ 10, ಔಂಡ್ರ 100. ವ್ಯತ್ಯಾಸ 10, ಅದರ ಮೂರನೆಯ ಪಾಲು ಮೂರು ಮತ್ತು ಮೂರನೆಯ ಒಂದು. ತೊಂಬತ್ತಕ್ಕೆ ಕೂಡಿಸಿ. ಅದೇ ತೊಂಬತ್ತಮೂರು ಮತ್ತು ಮೂರನೆಯ ಒಂದು! ಒಬ್ಬರು ಕಳೆಯುತ್ತಾ ಬಂದರು, ಇನ್ನೊಬ್ಬರು ಕೂಡಿಸುತ್ತಾ ಬಂದರು. ಒಂದೇ ಕಡೆ ಸೇರಿದರು. ನಾನು ಇದನ್ನು ಮೊದಲ ಸಲ ಹಾಳೆಯ ಮೇಲೆ ಮಾಡಿ ನೋಡಿದ ರಾತ್ರಿ ಮನೆಯವರನ್ನು ಎಬ್ಬಿಸಿ ತೋರಿಸಿದ್ದೆ. ಅವರಿಗೆ ಅಷ್ಟೇನೂ ಖುಷಿಯಾಗಲಿಲ್ಲ.

ದುಂಡಗಿನ ಬಾವಿಗೆ ವೃತ್ತದ ಲೆಕ್ಕ ಬೇಕು. ಸ್ಥೂಲವಾಗಿ ಸುತ್ತಳತೆಯು ವ್ಯಾಸದ ಮೂರು ಪಟ್ಟು, ಸೂಕ್ಷ್ಮವಾಗಿ ಹತ್ತರ ವರ್ಗಮೂಲದಷ್ಟು ಪಟ್ಟು ಎಂದು ಅವರು ಇಟ್ಟುಕೊಂಡರು. ಇದಕ್ಕೆ ನಮ್ಮ ಮಕ್ಕಳಿಗೆ ಪರಿಚಿತವಾದ ಉದಾಹರಣೆಯೊಂದಿದೆ. ಕರಾವಳಿಯ ಮದ್ರಸಗಳಲ್ಲಿ ಕಲಿಸುವ ಶಾಫಿಈ ಕರ್ಮಶಾಸ್ತ್ರದಲ್ಲಿ ಎರಡು ಕುಲ್ಲತ್ ನೀರಿನ ಅಳತೆ ಬರುತ್ತದೆ. ಚೌಕ ತೊಟ್ಟಿಯಾದರೆ ಉದ್ದ, ಅಗಲ, ಆಳ ತಲಾ ಒಂದೂಕಾಲು ಮೊಳ. ದುಂಡು ತೊಟ್ಟಿಯಾದರೆ ಅಡ್ಡಳತೆ ಒಂದು ಮೊಳ, ಆಳ ಎರಡೂವರೆ ಮೊಳ. ಎರಡೂ ಒಂದೇ ಎಂದು ಮಕ್ಕಳು ಕಲಿಯುತ್ತಾರೆ. ಒಂದೇ ಹೇಗೆ? ಚೌಕದ್ದು 1.953 ಘನ ಮೊಳ. ದುಂಡಗಿನದು ಇಂದಿನ ಪೈ ಬೆಲೆಯಿಂದ 1.963, ಮಹಾವೀರಾಚಾರ್ಯರ ಸೂಕ್ಷ್ಮ ಬೆಲೆಯಿಂದ 1.976, ಅವರ ಸ್ಥೂಲ ಬೆಲೆಯಿಂದ 1.875. ಹಳೆಯ ಉಲಮಾಗಳ ಎರಡು ಅಳತೆಗಳ ನಡುವೆ ಇನ್ನೂರರಲ್ಲಿ ಸುಮಾರು ಒಂದು ಪಾಲಿನ ವ್ಯತ್ಯಾಸವಷ್ಟೇ. ಗಣಿತದ ಅವಧಿಯಲ್ಲಿ ತೂಕಡಿಸುವ ಹುಡುಗನೊಬ್ಬ ಈ ಲೆಕ್ಕವನ್ನು ನನಗಿಂತ ಮೊದಲು ಮುಗಿಸಿದ್ದ.

ಇನ್ನು ಗೋಳ. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನನ್ನ ವಿಷಯ ಉರ್ದು ಮತ್ತು ಕನ್ನಡ. ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯಲ್ಲಿ ಗಣಿತ ಶಿಕ್ಷಕರಿಲ್ಲದ ಆರು ತಿಂಗಳು ಎಂಟನೇ ತರಗತಿಯ ಗಣಿತವೂ ನನ್ನ ಪಾಲಿಗೆ ಬಂತು. ಆಗ ಗೋಡೆ ಪತ್ರಿಕೆಗೆ ಮಹಾವೀರಾಚಾರ್ಯರ ಬಗ್ಗೆ ಬರೆದು, ಗೋಳದ ನಿಖರ ಘನಫಲವನ್ನು ಅವರು ಕೊಟ್ಟಿದ್ದಾರೆಂದು ಅಭಿಮಾನದಿಂದ ಸೇರಿಸಿದೆ. ಅವರ ನಿಯಮ ಹೀಗಿದೆ: ತ್ರಿಜ್ಯದ ಘನವನ್ನು ನಾಲ್ಕೂವರೆಯಿಂದ ಗುಣಿಸಿದರೆ ವ್ಯಾವಹಾರಿಕ ಫಲ. ಅದರ ಹತ್ತನೆಯ ಒಂಬತ್ತು ಪಾಲು ಸೂಕ್ಷ್ಮ ಫಲ. ಸೂಕ್ಷ್ಮ ಎಂಬ ಪದ ನೋಡಿದೆ, ನಂಬಿದೆ, ಬರೆದೆ.

ಒಬ್ಬ ವಿದ್ಯಾರ್ಥಿನಿ ನಂಬಲಿಲ್ಲ. ಆಟದ ಕೋಣೆಯಿಂದ ನಾಲ್ಕು ಕಿಲೋದ ಕಬ್ಬಿಣದ ಗುಂಡು ತಂದಳು. ಎರಡು ಮರದ ತುಂಡುಗಳ ನಡುವೆ ಇಟ್ಟು ಅಡ್ಡಳತೆ ನೋಡಿದಳು, 10 ಸೆಂಟಿಮೀಟರ್. ಬಕೆಟಿನ ತುಂಬ ನೀರು ತುಂಬಿ, ಕೆಳಗೆ ಅಗಲದ ಬಸಿ ಇಟ್ಟು, ಗುಂಡನ್ನು ನಿಧಾನವಾಗಿ ಇಳಿಸಿದಳು. ಚೆಲ್ಲಿದ ನೀರನ್ನು ಪ್ರಯೋಗಶಾಲೆಯ ಅಳತೆಯ ಜಾಡಿಗೆ ಸುರಿದಾಗ 520 ಮಿಲಿಲೀಟರ್ ಬಂತು. ಮಹಾವೀರಾಚಾರ್ಯರ ವ್ಯಾವಹಾರಿಕ ಲೆಕ್ಕ 562.5, ಸೂಕ್ಷ್ಮ ಲೆಕ್ಕ 506.25. ಪಠ್ಯಪುಸ್ತಕದ ಸೂತ್ರ 523.6. ಬಕೆಟು ಪಠ್ಯಪುಸ್ತಕದ ಪರವಾಗಿತ್ತು. ಗೋಡೆ ಪತ್ರಿಕೆಯ ಆ ಹಾಳೆಯನ್ನು ನಾನೇ ಕಿತ್ತು ತೆಗೆದೆ.

ಆಮೇಲೆ ಓದಿದಾಗ ತಿಳಿದದ್ದು ಇಷ್ಟು. ಆರ್ಯಭಟರ ನಿಯಮದಿಂದ ಇದೇ ಗುಂಡಿಗೆ ಸುಮಾರು 696 ಬರುತ್ತದೆ, ನಿಜಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು. ಆ ಲೆಕ್ಕದಲ್ಲಿ ಮಹಾವೀರಾಚಾರ್ಯರು ಬಹಳ ಹತ್ತಿರ ಬಂದಿದ್ದರು, ನೂರಕ್ಕೆ ಮೂರರಷ್ಟು ಮಾತ್ರ ಕಡಿಮೆ. ಅವರು ಜೀವಿಸಿದ್ದ ಅದೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮುಹಮ್ಮದ್, ಅಹ್ಮದ್, ಹಸನ್ ಎಂಬ ಮೂವರು ಸಹೋದರರು ಗ್ರೀಕರ ಆರ್ಕಿಮಿಡೀಸನ ದಾರಿ ಹಿಡಿದು, ಗೋಳದ ಮೇಲ್ಮೈಯ ಮೂರನೆಯ ಒಂದು ಪಾಲನ್ನು ತ್ರಿಜ್ಯದಿಂದ ಗುಣಿಸಿದರೆ ಘನಫಲವೆಂದು ಸಾಧಿಸಿ ಬರೆದಿದ್ದರು. ಮೆಣಸು, ಬಟ್ಟೆ, ಕುದುರೆಗಳನ್ನು ಹೊತ್ತ ಹಡಗುಗಳು ಎರಡೂ ರಾಜ್ಯಗಳ ನಡುವೆ ಓಡಾಡಿದವು, ಈ ಒಂದು ಹಾಳೆ ಮಾತ್ರ ಆ ಹಡಗುಗಳಲ್ಲಿ ಬರಲಿಲ್ಲ. ಸರಿಯಾದ ನಿಯಮವನ್ನು 1150ರ ಲೀಲಾವತಿಯಲ್ಲಿ ಎರಡನೆಯ ಭಾಸ್ಕರಾಚಾರ್ಯರು ಕೊಟ್ಟರು. ಆ ಲೀಲಾವತಿಯನ್ನು ಅಕ್ಬರನ ಆಸ್ಥಾನದ ಕವಿ ಫೈಝಿ 1587ರಲ್ಲಿ ಪಾರಸಿಗೆ ಅನುವಾದಿಸಿದರು.

ಮಹಾವೀರಾಚಾರ್ಯರ ಪುಸ್ತಕ ದಕ್ಷಿಣದಲ್ಲಿ ಶತಮಾನಗಳ ಕಾಲ ಪಾಠವಾಗಿ ನಡೆಯಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯರು ಕನ್ನಡದಲ್ಲೇ ವ್ಯವಹಾರಗಣಿತ ಬರೆದರು. ಮುಂದೆ ಪುಸ್ತಕ ತಾಳೆಗರಿಗಳಲ್ಲಿ ಮರೆಯಾಯಿತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಸಿಕ್ಕ ಪ್ರತಿಗಳನ್ನೆಲ್ಲ ಹೋಲಿಸಿ ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅಚ್ಚು ಹಾಕಿಸಿದ ಮೇಲೆಯೇ ಲೋಕ ಅವರನ್ನು ಮತ್ತೆ ಕಂಡದ್ದು. ಆ ಪ್ರತಿಗಳಲ್ಲಿ ಒಂದು, ನಮ್ಮ ಮೂಡುಬಿದಿರೆಯ ಜೈನ ಮಠದಲ್ಲಿದ್ದ ತಾಳೆಗರಿಯಿಂದ ಕನ್ನಡ ಲಿಪಿಯಲ್ಲಿ ನಕಲು ಮಾಡಿದ್ದು. 2000ದಲ್ಲಿ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದ ಜೈನ ಮಠದಿಂದ ಪ್ರಕಟವಾಯಿತು. ದಪ್ಪ ಪುಸ್ತಕ, ಆದರೆ ಖಾತವ್ಯವಹಾರದ ಭಾಗ ಚಿಕ್ಕದು. ಪ್ರೌಢಶಾಲೆಯ ವಿದ್ಯಾರ್ಥಿಗಳು ಶಿಕ್ಷಕರ ಜೊತೆ ಕುಳಿತರೆ ಓದಬಹುದು.

ಈಗ ನಾನು ಗಣಿತ ಕಲಿಸುವುದಿಲ್ಲ, ಅದಕ್ಕೆ ಬೇರೆಯವರು ಬಂದಿದ್ದಾರೆ. ಆದರೂ ವರ್ಷಕ್ಕೊಮ್ಮೆ ಆ ಪಾಠ ಬಂದಾಗ ಬಕೆಟು, ಬಸಿ ಮತ್ತು ಗುಂಡು ಹಿಡಿದುಕೊಂಡು ಒಂದು ಅವಧಿ ಕೇಳಿ ಪಡೆಯುತ್ತೇನೆ. ಕಪ್ಪುಹಲಗೆಯ ಮೇಲೆ 696, 562.5, 506.25, 523.6 ಎಂದು ನಾಲ್ಕು ಸಂಖ್ಯೆ ಬರೆದು, ಯಾರದು ಯಾವುದೆಂದು ಹೇಳದೆ, ಮಕ್ಕಳ ಕೈಗೆ ಅಳತೆಯ ಜಾಡಿ ಕೊಡುತ್ತೇನೆ. ಕಳೆದ ಸಲ ನೀರು ಬಸಿಯಿಂದಲೂ ಚೆಲ್ಲಿ 490 ಬಂತು. ಇನ್ನೊಮ್ಮೆ ಮಾಡಬೇಕೆಂದು ಹುಡುಗರೇ ಹೇಳಿದರು, ಅಷ್ಟರಲ್ಲಿ ಗಂಟೆ ಹೊಡೆಯಿತು.