ವಿದ್ಯುತ್ತಿನ ಅಲೆಯನ್ನು ಕಾಣಿಸಿದ ಬ್ರೌನ್

ಧ್ವನಿವರ್ಧಕವು ಒಡಕು ದನಿ ಹೊರಡಿಸಿದರೆ ಬಲ್ಲ ದುರಸ್ತಿಗಾರನು ಆಸಿಲೋಸ್ಕೋಪಿನ ಪರದೆಯನ್ನು ನೋಡುತ್ತಾನೆ. ದುಂಡಗಿರಬೇಕಾದ ಅಲೆಯ ನೆತ್ತಿ ಕೊಯ್ದಂತೆ ಚಪ್ಪಟೆಯಾಗಿದ್ದರೆ, ಆಂಪ್ಲಿಫೈಯರು ತನ್ನ ಶಕ್ತಿಗೆ ಮೀರಿದ ಭಾರ ಹೊತ್ತಿದೆಯೆಂದು ಅರಿಯುತ್ತಾನೆ. ಕಾಣದ ವಿದ್ಯುತ್ತಿಗೆ ಹೀಗೆ ರೂಪವಿತ್ತವರು ಕಾರ್ಲ್ ಫರ್ಡಿನಾಂಡ್ ಬ್ರೌನ್.

1850ರಲ್ಲಿ ಜರ್ಮನಿಯ ಫುಲ್ಡಾದಲ್ಲಿ ನ್ಯಾಯಾಲಯದ ಗುಮಾಸ್ತರೊಬ್ಬರ ಮಗನಾಗಿ ಅವರು ಜನಿಸಿದರು. ಸ್ಟ್ರಾಸ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1897ರಲ್ಲಿ, ಗಾಳಿ ತೆಗೆದ ಗಾಜಿನ ನಳಿಗೆಯೊಳಗಿನ ಕ್ಯಾಥೋಡ್ ಕಿರಣವನ್ನು ತಂತಿಸುರುಳಿಯ ಕಾಂತಬಲದಿಂದ ಮೇಲೆ ಕೆಳಗೆ ಓಲಾಡಿಸಿದರು. ಕಿರಣ ತಾಗಿದೆಡೆ ಹೊಳೆಯುವ ಚುಕ್ಕೆಯನ್ನು ತಿರುಗುವ ಕನ್ನಡಿಯಲ್ಲಿ ನೋಡಲು, ಅದು ಅಲೆಯಾಗಿ ಹರಡಿತು! ಎರಡು ವರ್ಷಗಳ ಅನಂತರ ಸಹಾಯಕ ಜೆನೆಕ್ ಕಿರಣಕ್ಕೇ ಅಡ್ಡಚಲನೆ ಕೊಟ್ಟು ಕನ್ನಡಿಯ ಅಗತ್ಯವನ್ನು ನೀಗಿಸಿದರು.

ಈ ನಳಿಗೆಗೆ ಬ್ರೌನ್ ಪೇಟೆಂಟ್ ಪಡೆಯಲಿಲ್ಲ. ಎಲ್ಲರಿಗೂ ತಿಳಿಯಲೆಂದು ವಿಧಾನವನ್ನು ಪ್ರಕಟಿಸಿಬಿಟ್ಟರು. 1909ರಲ್ಲಿ ಮಾರ್ಕೋನಿಯವರೊಡನೆ ಹಂಚಿಕೊಂಡ ನೊಬೆಲ್ ಪಾರಿತೋಷಕವೂ ಇದಕ್ಕಲ್ಲ, ನಿಸ್ತಂತು ಕಾರ್ಯಕ್ಕೆ.

ಆದರೂ ಪೇಟೆಂಟಿನ ವ್ಯಾಜ್ಯವೇ ಅವರನ್ನು ಊರಿನಿಂದ ಅಗಲಿಸಿತು. ಸಾಕ್ಷಿ ನುಡಿಯಲು 1914ರ ಕೊನೆಯಲ್ಲಿ ನ್ಯೂಯಾರ್ಕಿಗೆ ಹೊರಟರು. 1917ರಲ್ಲಿ ಅಮೆರಿಕವೂ ಜರ್ಮನಿಯ ಮೇಲೆ ಯುದ್ಧ ಸಾರಿತು. ಮರಳುವ ದಾರಿ ಮುಚ್ಚಿತು. 1918ರ ಏಪ್ರಿಲ್ 20ರಂದು, ಯುದ್ಧ ಮುಗಿಯುವ ಮುನ್ನವೇ, ಬ್ರೂಕ್ಲಿನ್‌ನಲ್ಲಿ ತೀರಿಕೊಂಡರು. ಫುಲ್ಡಾಕ್ಕೆ ಹಿಂದಿರುಗಿದ್ದು ಅವರ ಚಿತಾಭಸ್ಮ ಮಾತ್ರ.