ಉಕ್ಕಿನ ಒಳಗನ್ನು ನೋಡಿದ ಸೋರ್ಬಿ

ಮಕ್ಕಳೇ, ಬೀದರ್ ನಗರದಲ್ಲಿ ಬಿದ್ರಿ ಕೆಲಸ ಮಾಡುವುದನ್ನು ನೋಡಿದ್ದೀರಾ? ಭಾಲ್ಕಿ, ಔರಾದ್ ಕಡೆಯವರಾದರೆ ಬೀದರ್‌ಗೆ ಬಂದಾಗ ಒಮ್ಮೆ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನು ಮೊದಲು ಅರದಿಂದ ಉಜ್ಜುತ್ತಾರೆ. ಆಮೇಲೆ ಉಪ್ಪುಕಾಗದದಿಂದ ನಯ ಮಾಡುತ್ತಾರೆ. ಚಿತ್ತಾರ ಕೊರೆದು, ಬೆಳ್ಳಿ ಕೂರಿಸಿ, ಮತ್ತೆ ಉಜ್ಜಿ, ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚುತ್ತಾರೆ. ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಚಿತ್ತಾರ ಎದ್ದು ಕಾಣುತ್ತದೆ!

ಬಿದ್ರಿಯ ಚಿತ್ತಾರ ಮನುಷ್ಯ ಬಿಡಿಸಿದ್ದು. ಆದರೆ ಉಕ್ಕಿನೊಳಗೆ ತಾನಾಗಿಯೇ ಮೂಡಿದ ಚಿತ್ತಾರವಿದೆ. ಅದನ್ನು ಹೊರಗೆ ತಂದವನು ಹೆನ್ರಿ ಕ್ಲಿಫ್ಟನ್ ಸೋರ್ಬಿ.

ಸೋರ್ಬಿ ಹುಟ್ಟಿದ್ದು 1826ರ ಮೇ 10ರಂದು, ಇಂಗ್ಲೆಂಡಿನ ಶೆಫೀಲ್ಡ್ ಬಳಿ. ಚಾಕು, ಕತ್ತರಿಗಳಿಗೆ ಹೆಸರಾದ ಊರು ಅದು. ಮನೆತನದ್ದೂ ಉಪಕರಣ ತಯಾರಿಕೆಯೇ. 1847ರಲ್ಲಿ ತಂದೆ ತೀರಿಕೊಂಡರು. ಅವರು ಬಿಟ್ಟುಹೋದ ಆಸ್ತಿ ಜೀವನಕ್ಕೆ ಸಾಕಾಗಿತ್ತು. ಸೋರ್ಬಿ ಯಾವ ಕೆಲಸಕ್ಕೂ ಸೇರದೆ ಮನೆಯಲ್ಲೇ ಪ್ರಯೋಗಾಲಯ ಹೂಡಿದ. 1849ರಲ್ಲಿ ಕಲ್ಲಿನ ಚೂರನ್ನು ಬೆಳಕು ಹಾಯುವಷ್ಟು ತೆಳ್ಳಗೆ ತೇಯ್ದು ಸೂಕ್ಷ್ಮದರ್ಶಕದಲ್ಲಿಟ್ಟ. ಬೆಟ್ಟವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದುಂಟೇ ಎಂದು ಕೆಲವರು ನಕ್ಕರು.

ಉಲ್ಕೆಗಳ ಕಬ್ಬಿಣದಲ್ಲಿ ಹುಟ್ಟಿದ ಕುತೂಹಲ ಆತನನ್ನು 1863ರಲ್ಲಿ ಉಕ್ಕಿನತ್ತ ಎಳೆಯಿತು. ಆದರೆ ಲೋಹದಲ್ಲಿ ಬೆಳಕು ಹಾಯುವುದಿಲ್ಲ. ಮೇಲಿನಿಂದ ಬೆಳಕು ಬೀಳಿಸಿ, ಅದು ಪ್ರತಿಫಲಿಸಿದಾಗ ನೋಡಬೇಕು. ಮೇಲ್ಮೈಯಲ್ಲಿ ಒಂದು ಗೀರಿದ್ದರೂ ಅದೇ ಕಾಲುವೆಯಂತೆ ಕಾಣುತ್ತದೆ! ಸೋರ್ಬಿ ಮೊದಲು ಒರಟು ಎಮರಿ, ಆಮೇಲೆ ನುಣುಪಾದ ಎಮರಿ, ನಂತರ ಸ್ಕಾಟ್ಲೆಂಡಿನ ನಯವಾದ ಸಾಣೆಕಲ್ಲು, ಕೊನೆಗೆ ಒದ್ದೆ ಬಟ್ಟೆಯ ಮೇಲೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬಳಸಿದ. ಇಷ್ಟೊಂದು ಏಕೆ? ಪ್ರತಿ ಪುಡಿಯೂ ತನ್ನದೇ ಗೀರು ಬಿಡುತ್ತದೆ. ಮುಂದಿನ ಪುಡಿ ಅದನ್ನು ಅಳಿಸಬೇಕು. ನಡುವೆ ಒಂದನ್ನು ಬಿಟ್ಟು ಹಾರಿದರೆ ಆಳದ ಗೀರು ಹಾಗೇ ಉಳಿಯುತ್ತದೆ. (ಹಳೆಯ ಕಬ್ಬಿಣದ ತುಂಡನ್ನು ಎರಡು ಬಗೆಯ ಉಪ್ಪುಕಾಗದದಲ್ಲಿ, ದಿಕ್ಕು ಬದಲಿಸಿ ಉಜ್ಜಿ ನೋಡಿ.)

ಇನ್ನೊಂದು ಅಪಾಯವೂ ಇತ್ತು. ಒತ್ತಿ ತಿಕ್ಕಿದರೆ ಲೋಹ ಥಳಥಳ ಹೊಳೆಯುತ್ತದೆ ನಿಜ. ಆದರೆ ಮೇಲ್ಪದರ ಸವರಿಕೊಂಡು ಒಳಗಿನ ರಚನೆ ಮುಚ್ಚಿಹೋಗುತ್ತದೆ. ಸೋರ್ಬಿಗೆ ಇಂಥ ಹೊಳಪು ಬೇಕಿರಲಿಲ್ಲ. ಹಗುರವಾಗಿ ನಯಮಾಡಿ, ಬಹಳ ತೆಳುಗೊಳಿಸಿದ ನೈಟ್ರಿಕ್ ಆಮ್ಲ ತಾಕಿಸಿದ. ಆಮ್ಲ ಒಂದು ಭಾಗವನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ತಿಂದಿತು. ಉಕ್ಕಿನ ಹರಳುಗಳು ಕಣ್ಣಿಗೆ ಬಿದ್ದವು!

1864ರಲ್ಲಿ ಬಾತ್ ನಗರದ ವಿಜ್ಞಾನ ಸಭೆಯಲ್ಲಿ ಇದನ್ನು ತೋರಿಸಿದಾಗ ಗಮನ ಕೊಟ್ಟವರು ಕಡಿಮೆ. ರೈಲು ಅಪಘಾತವಾದಾಗ ಹಳಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎಂದಿದ್ದರೆ ತನ್ನನ್ನು ಹುಚ್ಚಾಸ್ಪತ್ರೆಗೆ ಕಳಿಸುತ್ತಿದ್ದರು ಎಂದು ಮುಂದೆ ಸೋರ್ಬಿಯೇ ನೆನೆದುಕೊಂಡ. ಸುಮಾರು 20 ವರ್ಷ ಕಳೆದ ಮೇಲೆ, 650 ಪಟ್ಟು ಹಿಗ್ಗಿಸಿ ನೋಡಿದಾಗ, ಉಕ್ಕಿನಲ್ಲಿ ಮುತ್ತಿನ ಚಿಪ್ಪಿನಂತೆ ಮಿನುಗುವ ಭಾಗದ ಗುಟ್ಟು ತಿಳಿಯಿತು. ಮೆತ್ತಗಿನ ಕಬ್ಬಿಣ, ಗಟ್ಟಿಯಾದ ಕಬ್ಬಿಣ-ಇಂಗಾಲದ ಸಂಯುಕ್ತ, ಎರಡೂ ತೆಳು ಹಾಳೆಗಳಂತೆ ಒಂದರ ಮೇಲೊಂದು ಕೂತಿದ್ದವು. ಇದಕ್ಕೆ ಪರ್ಲೈಟ್ ಎಂಬ ಹೆಸರು ಬಂತು. ರೈಲು ಹಳಿಗಳ ಉಕ್ಕು ಹೆಚ್ಚಾಗಿ ಇದೇ.

ಸೋರ್ಬಿ 1908ರ ಮಾರ್ಚ್ 9ರಂದು ತೀರಿಕೊಂಡ. ಈಗ ಪ್ರಯೋಗಾಲಯಗಳಲ್ಲಿ ಎಮರಿಯ ಬದಲು ಹೆಚ್ಚಾಗಿ ಸಿಲಿಕಾನ್ ಕಾರ್ಬೈಡ್ ಕಾಗದವಿದೆ, ಕೊನೆಯ ಹಂತಕ್ಕೆ ವಜ್ರದ ಪುಡಿಯೂ ಇದೆ. ಸತುವಿನಂಥ ಮೆತ್ತನೆಯ ಲೋಹದಲ್ಲಿ ಪುಡಿಯೇ ನಾಟಿಕೊಳ್ಳಬಹುದಾದ್ದರಿಂದ ಕೈ ಇನ್ನೂ ಹಗುರವಿರಬೇಕು. ಹಳಿಯೊಂದು ಮುರಿದರೆ ಅದರ ತುಂಡು ಕತ್ತರಿಸಿ, ಉಜ್ಜಿ, ಆಮ್ಲ ತಾಕಿಸಿ, ಸೂಕ್ಷ್ಮದರ್ಶಕದಡಿ ಇಡುತ್ತಾರೆ.